ಪ್ರಸ್ಥಾನದ ಟ್ರಂಕಿನ ಬೀಗದ ಕೈ

ಹೋದ ವಾರ ಹಳೆಯ ಸಾಸಿವೆ ಡಬ್ಬಿಯನ್ನು ತೊಳೆಯಲು ತೆಗೆದಾಗ ಅದರ ತಳದಲ್ಲಿ ಒಂದು ಬೀಗದ ಕೈ ಸಿಕ್ಕಿತು. ಕಿರುಬೆರಳಿನಷ್ಟು ಉದ್ದ, ತುಕ್ಕು ಹಿಡಿದು ಕೆಂಪಾಗಿತ್ತು. ಅದಕ್ಕೆ ಕಟ್ಟಿದ್ದ ತೆಂಗಿನ ನಾರಿನ ಹುರಿ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಹುರಿಯ ತುಂಬ ಗಂಟುಗಳು. ನೀರು ತಾಗಿದ್ದೇ ತಡ, ನಾರಿನಿಂದ ಹಸಿ ಮಟ್ಟೆಯ ವಾಸನೆ ಎದ್ದಿತು... ಒಗರು, ಕೊಳೆ, ಎಲ್ಲೋ ಒಂದಿಷ್ಟು ಸಿಹಿ. ನಲ್ಲಿ ನಿಲ್ಲಿಸಿ ಹಾಸನದ ಈ ಅಡುಗೆಮನೆಯಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಸೊಸೆ ಬಂದು ಇದು ಯಾವ ಬೀಗದ್ದು ಎಂದು ಕೇಳಿದಳು. ಒಡೆದು ಹೋದ ಬೀಗದ್ದು ಎಂದೆ. ಮತ್ತೇಕೆ ಇಟ್ಟುಕೊಂಡಿದ್ದೀರಿ ಎಂದಳು. ಮತ್ತೆ ನಲ್ಲಿ ತಿರುಗಿಸಿ ಡಬ್ಬಿ ತೊಳೆಯತೊಡಗಿದೆ.

ನಾನು ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದಾಗ ನನಗೆ ಹತ್ತೊಂಬತ್ತು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಗೋಡೆಯ ಆಚೆಗೆ ತೆಂಗಿನಕಾಯಿ ಸುಲಿಯುವ ಅಂಗಳ. ಆ ಅಂಗಳ ನಡೆಸುತ್ತಿದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಬೀದಿಯವರು ಬೆನ್ನ ಹಿಂದೆ ಅವಳನ್ನು ಏನೇನು ಅನ್ನುತ್ತಿದ್ದರು ಎಂಬುದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ನಲವತ್ತು ದಾಟಿದ ವಿಧವೆ, ಗಂಡಸಿನಂಥ ತೋಳು, ಎಡಗಡೆಯ ಎರಡು ಹಲ್ಲು ಇರಲಿಲ್ಲ. ಆ ಹಲ್ಲು ಉದುರಿಸಿದ್ದು ಗಂಡ. ಗಂಡ ಸತ್ತ ಮೇಲೆ ಆ ಕೆಲಸವನ್ನು ಮೈದುನ ವಹಿಸಿಕೊಂಡಿದ್ದ.

ಅಂಗಳದ ನಡುವೆ ಒಂದು ಕಬ್ಬಿಣದ ಹಾರೆಯನ್ನು ಮೊನೆ ಮೇಲೆ ಮಾಡಿ ನೆಲಕ್ಕೆ ಹೂತಿದ್ದರು. ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಬೇಕು, ಮೊನೆಗೆ ಚುಚ್ಚಬೇಕು, ತಿರುಚಬೇಕು. ಎತ್ತು, ಚುಚ್ಚು, ತಿರುಚು. ಮೂರು ಸಲ ಹೀಗೆ ಮಾಡಿದರೆ ಮಟ್ಟೆ ಬಿಟ್ಟುಕೊಂಡು ಕಾಯಿ ಕೈಗೆ ಬರುತ್ತಿತ್ತು. ಅದು ಗಂಡಸರ ಕೆಲಸ. ಅಕ್ಕ ಗಂಡಸರಿಗಿಂತ ಬೇಗ ಸುಲಿಯುತ್ತಿದ್ದಳು. ನಾನು ಗೋಡೆಗೆ ಗಲ್ಲ ಊರಿ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರೆ, "ಕಣ್ಣು ಕಾಯಿ ಮ್ಯಾಲಿರ್ಬೇಕು ಕಣೆ, ಮೊನೆ ಮ್ಯಾಲಲ್ಲ. ಮೊನೆ ನೋಡುದ್ರೆ ಕೈ ನಡುಗ್ತದೆ" ಎನ್ನುತ್ತಿದ್ದಳು.

ಆ ಬೀದಿಯಲ್ಲಿ ಏಟು ಬೀಳದ ಮನೆ ಇರಲಿಲ್ಲ. ನಮ್ಮತ್ತೆ ಸೌಟಿನಲ್ಲಿ ಹೊಡೆಯುತ್ತಿದ್ದರು, ಅದೂ ಬಿಸಿ ಸೌಟು. ಬಸ್ ಏಜೆಂಟರಾಗಿದ್ದ ನನ್ನ ಯಜಮಾನರು ಒಳ್ಳೆಯವರು, ಹೊಡೆಯುತ್ತಿರಲಿಲ್ಲ. ಹೊಡೆತ ಶುರುವಾದರೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಆದರೆ ಪಕ್ಕದ ಅಂಗಳದ ಹೊಡೆದಾಟದ ಮುಂದೆ ನಮ್ಮದೆಲ್ಲ ಏನೂ ಅಲ್ಲ. ಒಂದು ದಿನ ಮೈದುನ ಅವಳ ಕೂದಲು ಹಿಡಿದು ಮಟ್ಟೆ ರಾಶಿಯಿಂದ ಬಾವಿಕಟ್ಟೆಯವರೆಗೆ ಎಳೆದುಕೊಂಡು ಹೋದ. ಅಕ್ಕ ಎದ್ದು ಅವನ ಕಿವಿ ಕಚ್ಚಿ, ಬಾಯಿಗೆ ಬಂದ ತುಂಡನ್ನು ಪಕ್ಕಕ್ಕೆ ಉಗಿದಳು. ಅರ್ಧ ಗಂಟೆಯಾದ ಮೇಲೆ ಗೋಡೆಯ ಹತ್ತಿರ ಬಂದು, ತುಟಿ ಊದಿದ್ದರೂ, "ಸಾರು ಏನು ಮಾಡಿದ್ದೀಯೆ?" ಎಂದು ಕೇಳಿದಳು. ಸೊಪ್ಪಿನ ಸಾರು ಕೊಟ್ಟೆ. ಗೋಡೆಗೆ ಒರಗಿ ನಿಂತು ಪೂರ್ತಿ ಕುಡಿದಳು.

ಇಂಥವಳಿಗೆ ಸಮುದ್ರದ ಹುಚ್ಚು ಹತ್ತಿಸಿದ್ದು ಕಾಯಿ ಕೊಳ್ಳಲು ಬಂದ ಹುಬ್ಬಳ್ಳಿ ಕಡೆಯ ಒಬ್ಬ ವ್ಯಾಪಾರಿ. ಗೋವಾದಿಂದ ಪೋರ್ಚುಗೀಸರು ಹೋಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಆ ಕಡೆಗೆ ರೈಲು ಮತ್ತೆ ಓಡಾಡುತ್ತಿದೆ ಎಂದು ಅವನು ಹೇಳಿದ. ರೈಲು ಘಟ್ಟದ ಸುರಂಗಗಳಲ್ಲಿ ನುಗ್ಗಿ ನುಗ್ಗಿ ಇಳಿಯುತ್ತದೆ, ನಡುವೆ ಹಾಲಿನಂಥ ಜಲಪಾತ ಕಂಬಿಯ ಪಕ್ಕಕ್ಕೇ ಬೀಳುತ್ತದೆ, ಕಿಟಕಿಯಲ್ಲಿ ಕೂತವರ ಮುಖ ಒದ್ದೆಯಾಗುತ್ತದೆ. ಕೆಳಗಿಳಿದರೆ ಸಮುದ್ರದ ದಂಡೆಗೇ ಊರುಗಳು, ನೀರಿಗೆ ಬಾಗಿಕೊಂಡೇ ತೆಂಗಿನ ಮರಗಳು. ಅಕ್ಕ ಜಲಪಾತದವರೆಗೆ ಸುಮ್ಮನೆ ಕೇಳಿದಳಂತೆ. ತೆಂಗಿನ ಮರದ ಮಾತಿಗೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳಂತೆ.

"ಉಪ್ಪು ನೀರು ಕುಡ್ದ ಮರದಾಗೆ ಎಳನೀರು ಸೀ ಇರ್ತದಂತೆ ಕಣೆ. ಅದೆಂಗಿದ್ದಾತು? ನಾನು ಓಗಿ ಕುಡ್ದು ನೋಡ್ಬೇಕು" ಎಂದು ಗೋಡೆಯ ಮೇಲಿನಿಂದ ನನಗೆ ಹೇಳಿದಳು. ಆ ದಿನದಿಂದ ನಾವಿಬ್ಬರೂ ಅವಳ ಪ್ರಯಾಣದ ಯೋಚನೆಗೆ ಕುಳಿತೆವು.

ನಾನು ಎಂಟನೆಯ ಕ್ಲಾಸಿನವರೆಗೆ ಓದಿದವಳು. ಯಜಮಾನರ ಕಾಲು ಕಟ್ಟಿ ಹಾಸನದಿಂದ ರೈಲ್ವೆ ಟೈಮ್ ಟೇಬಲ್ ಪುಸ್ತಕ ತರಿಸಿದೆ. ಅದು ಇಂಗ್ಲಿಷಿನಲ್ಲಿತ್ತು. ಅಕ್ಷರ ಕೂಡಿಸಿ ಕೂಡಿಸಿ ಊರುಗಳನ್ನು ಹುಡುಕಿದೆ. ಬಸ್ಸಿನಲ್ಲಿ ಶಾಂತಿಗ್ರಾಮ ದಾಟಿ ಹಾಸನ. ಹಾಸನದ ಸ್ಟೇಷನ್ನಿಗೆ ಅರಕಲಗೂಡಿನಿಂದ ಅಕ್ಕನ ತಂಗಿ ಬಂದು ಸೇರಿಕೊಳ್ಳುವುದು. ಅಲ್ಲಿಂದ ಅರಸೀಕೆರೆ, ಗಾಡಿ ಬದಲು. ಹುಬ್ಬಳ್ಳಿ. ಲೋಂಡಾ, ಮತ್ತೆ ಬದಲು. ಆಮೇಲೆ ಘಟ್ಟ, ಜಲಪಾತ. ಮಡಗಾಂವ್, ಪಣಜಿ, ಕಾರವಾರ. ಕಾರವಾರದಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ಬಂದ ದಾರಿಯಲ್ಲೇ ವಾಪಸು. ಒಟ್ಟು ಒಂಬತ್ತು ದಿನ.

ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು ಜಲಪಾತದ ಹೊತ್ತಿನ ಮೇಲೆ. ನಾನು ಮೊದಲು ಹುಡುಕಿದ ಗಾಡಿ ಅದನ್ನು ಕತ್ತಲಲ್ಲಿ ದಾಟುತ್ತಿತ್ತು. ಅಕ್ಕ ಸಿಡುಕಿದಳು. "ಕತ್ತಲಾಗೆ ನೀರಿನ ಸದ್ದು ಕೇಳಕ್ಕೆ ಅಷ್ಟು ದೂರ ಯಾಕೋಗ್ಬೇಕು? ಏಮಾವತಿ ಒಳೆ ಸಾಲ್ದಾ?" ಎಂದಳು. ಸರಿ, ಲೋಂಡಾದಲ್ಲಿ ತಂಗಿದ್ದು ಬೆಳಗಿನ ಗಾಡಿ ಹಿಡಿಯುವುದೆಂದು ಆಯಿತು. ನೀರು ಯಾವ ಕಡೆಯ ಕಿಟಕಿಗೆ ಕಾಣುತ್ತದೆ ಎಂಬುದು ಪುಸ್ತಕದಲ್ಲಿರಲಿಲ್ಲ. ಅಕ್ಕ ಒಂದು ಕಡೆ, ತಂಗಿ ಇನ್ನೊಂದು ಕಡೆ ಕೂರುವುದು, ಕಂಡವರು ಕೂಗುವುದು ಎಂದು ತೀರ್ಮಾನವಾಯಿತು. ನಾನು ಇದನ್ನೆಲ್ಲ ಕಾಗದದಲ್ಲಿ ಬರೆದುಕೊಟ್ಟೆ. ಓದು ಬಾರದ ಅಕ್ಕ ನಾರಿನ ಹುರಿ ಹೊಸೆದು ಒಂದೊಂದು ಊರಿಗೂ ಒಂದೊಂದು ಗಂಟು ಹಾಕಿಕೊಂಡಳು. ಜಲಪಾತಕ್ಕೆ ಮಾತ್ರ ಜೋಡಿ ಗಂಟು. ಬೆರಳಲ್ಲಿ ಮುಟ್ಟುತ್ತ ಊರುಗಳ ಹೆಸರು ಹೇಳುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ.

ನಮ್ಮತ್ತೆಗೆ ವಿಷಯ ಗೊತ್ತಾದಾಗ ಟೈಮ್ ಟೇಬಲ್ ಪುಸ್ತಕದಿಂದಲೇ ನನ್ನ ಮುಖಕ್ಕೆ ಬಾರಿಸಿದರು. "ಮುಂಡೆ ಊರು ಸುತ್ತಕ್ಕೆ ನೀನು ದಾರಿ ತೋರುಸ್ತೀಯ?" ಎಂದರು. ಮೂಗಿನಿಂದ ರಕ್ತ ಬಂತು. ಮೈದುನನಿಗೂ ಸುದ್ದಿ ಮುಟ್ಟಿತು. ಅವನು ಅಂಗಳದಲ್ಲಿ ಆಳುಗಳ ಎದುರಿಗೇ ಕೂಗಿದ್ದು ನನಗೆ ಕೇಳಿಸಿತು. "ಕಾಶಿಗೋಗ್ತೀನಿ ಅನ್ನು, ನಾನೇ ಬಸ್ಸತ್ತುಸ್ತೀನಿ. ಗಂಡ ಸತ್ತೋಳು ಸಮುದ್ರ ನೋಡಕ್ಕೋಗದು ಯಾವ ಊರಾಗದೆ?"

ಇಲ್ಲಿ ನಾನೊಂದು ಉಪಾಯ ಹೇಳಿದೆ. ಕಾರವಾರದ ಪಕ್ಕದಲ್ಲೇ ಗೋಕರ್ಣ ಇದೆ, ಪಟ್ಟಿಗೆ ಅದನ್ನೂ ಸೇರಿಸೋಣ, ಯಾತ್ರೆ ಎಂದರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂದೆ. ಪೆನ್ಸಿಲ್ ಕೂಡ ಕೈಯಲ್ಲೇ ಇತ್ತು. ಒಂದು ಹೆಸರು ಬರೆದರೆ ಮುಗಿಯುತ್ತಿತ್ತು. ಅಕ್ಕ ಒಪ್ಪಲಿಲ್ಲ. "ನಾನು ಎಳನೀರು ಕುಡಿಯಕ್ಕೋಗ್ತಿರದು. ಅದುಕ್ಕೆ ದೇವ್ರುನ್ಯಾಕೆ ಎಳ್ದು ತರ್ಲಿ?" ಎಂದಳು. ನನಗೆ ಆಗ ಅವಳ ಮೇಲೆ ಸಿಟ್ಟು ಬಂತು. ಎಷ್ಟು ಜಂಬ ಇವಳಿಗೆ ಎನಿಸಿತು. ಈಗ ಹಾಗೆನಿಸುವುದಿಲ್ಲ... ಅಥವಾ ಈಗಲೂ ಸ್ವಲ್ಪ ಹಾಗೆಯೇ ಅನಿಸುತ್ತದೆ.

ದೇವರನ್ನು ಎಳೆದು ತರದಿದ್ದರೂ ಅಕ್ಕ ಶಾಸ್ತ್ರ ಬಿಡುವವಳಲ್ಲ. ಹೊರಡಬೇಕಾದ್ದು ಶನಿವಾರ, ಒಳ್ಳೆಯ ಗಳಿಗೆ ಇದ್ದದ್ದು ಗುರುವಾರ. ಇಂಥದ್ದಕ್ಕೆ ನಮ್ಮ ಕಡೆ ಪ್ರಸ್ಥಾನ ಇಡುತ್ತಾರೆ. ಒಳ್ಳೆಯ ಗಳಿಗೆಯಲ್ಲಿ ಸಾಮಾನನ್ನು ಮನೆಯಿಂದ ಹೊರಡಿಸಿ ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ಮನುಷ್ಯರು ಆಮೇಲೆ ತಮಗೆ ಅನುಕೂಲವಾದಾಗ ಹೋಗಬಹುದು. ಆದರೆ ಹೊರಟ ಸಾಮಾನು ಹೊಸಿಲು ದಾಟಿ ಹಿಂದಕ್ಕೆ ಹೋಗಬಾರದು, ಅದನ್ನು ನಡುವೆ ತೆರೆಯಲೂಬಾರದು. ಗುರುವಾರ ಬೆಳಿಗ್ಗೆ ಅಕ್ಕ ತನ್ನ ಹಸಿರು ಟ್ರಂಕನ್ನು ತಂದು ನಮ್ಮ ನಡುಮನೆಯಲ್ಲಿಟ್ಟಳು. ಬೀಗದ ಕೈಗೆ ಆ ಗಂಟಿನ ಹುರಿಯನ್ನು ಕಟ್ಟಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಪರಸ್ತಾನ ಇಟ್ಟಾಯ್ತು. ಇನ್ನು ನಾನೊರಟಂಗೇ ಲೆಕ್ಕ. ಯಾರು ಬಂದು ಕೇಳುದ್ರೂ ಕೊಡಬ್ಯಾಡ" ಎಂದಳು. ಕೊಡುವುದಿಲ್ಲ ಅಕ್ಕ ಎಂದೆ.

ಶುಕ್ರವಾರ ಮಧ್ಯಾಹ್ನ ಅವಳು ಮಂಡಿಗೆ ಕಾಯಿ ಹಾಕಿಸಲು ಹೋಗಿದ್ದಳು. ನಮ್ಮತ್ತೆಯೂ ಮನೆಯಲ್ಲಿರಲಿಲ್ಲ. ಮೈದುನ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಮಚ್ಚಿತ್ತು. ಅದೇನು ಹೆಚ್ಚಿನ ವಿಷಯವಲ್ಲ, ಅಂಗಳದಲ್ಲಿ ಕೆಲಸ ಮಾಡುವವರ ಕೈಯಲ್ಲಿ ಯಾವಾಗಲೂ ಮಚ್ಚಿರುತ್ತಿತ್ತು. ಅವನು ಬೆದರಿಸಲಿಲ್ಲ. ಮೆತ್ತಗೆ ಮಾತಾಡಿದ. "ಅತ್ಗೆ ಕಳ್ಸವ್ಳೆ ಕಣವ್ವ. ಟ್ರಂಕಿಗೆ ಅದೇನೋ ಆಕೋದು ಮರ್ತವ್ಳಂತೆ. ಕೊಡ್ಬೇಕಂತೆ."

ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿತ್ತು. ಟ್ರಂಕಿಗೆ ಏನೋ ಹಾಕಬೇಕಾದವನು ಬೀಗದ ಕೈ ಕೇಳಬೇಕು. ಅವನು ಕೇಳಲಿಲ್ಲ. ಕೇಳಲಿಲ್ಲ ಎಂಬುದು ನನಗೆ ಆ ಕ್ಷಣವೇ ಹೊಳೆಯಿತು. ಸುಳ್ಳು ಎಂದು ಗೊತ್ತಾಯಿತು. ಅಷ್ಟು ಗೊತ್ತಿದ್ದೂ ನಾನು ಪಕ್ಕಕ್ಕೆ ಸರಿದು ನಿಂತೆ, ಅವನು ಒಳಗೆ ಬಂದು ಟ್ರಂಕನ್ನು ಹೆಗಲಿಗೆ ಏರಿಸಿಕೊಂಡು ಹೋದ. ಇದನ್ನು ನಾನು ಇದುವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ, ಕೇಳಿದವರಿಗೆಲ್ಲ ಮಚ್ಚಿನ ಕಥೆಯನ್ನೇ ಹೇಳಿದ್ದೇನೆ.

ಆಮೇಲಿನದನ್ನು ಗೋಡೆಯ ಈಚೆಯಿಂದ ನೋಡಿದೆ. ಅವನು ಟ್ರಂಕನ್ನು ಅಂಗಳದ ನಡುವೆ ಇಟ್ಟು ಮಚ್ಚಿನ ಹಿಂಬದಿಯಿಂದ ಬೀಗಕ್ಕೆ ಹೊಡೆದ. ನಾಲ್ಕನೆಯ ಏಟಿಗೆ ಬೀಗ ಹಾರಿತು. ಮಚ್ಚು ಬಿಸಾಡಿ ಒಂದೊಂದೇ ಸಾಮಾನು ಹೊರಗೆ ತೆಗೆದ. ಎರಡು ಸೀರೆ. ಅವನ್ನು ಹಾರೆಯ ಮೊನೆಗೆ ಚುಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೆಳಗಿನವರೆಗೆ ಸೀಳಿದ. ಟವೆಲ್ ಸೀಳಿದ. ಚಕ್ಕುಲಿ ಡಬ್ಬವನ್ನು ಕಾಲಿನಿಂದ ಒದ್ದ. ಸಮುದ್ರದ ನೀರು ತುಂಬಿಸಿ ತರಲು ಅಕ್ಕ ಇಟ್ಟುಕೊಂಡಿದ್ದ ಖಾಲಿ ಬಾಟಲಿಯನ್ನು ಬಾವಿಕಟ್ಟೆಗೆ ಎಸೆದು ಚೂರು ಮಾಡಿದ. ನಾಲ್ಕು ಜನ ಆಳುಗಳು ನಿಂತು ನೋಡುತ್ತಿದ್ದರು. ಯಾರೂ ಅಲುಗಲಿಲ್ಲ. ನಾನೂ ಅಲುಗಲಿಲ್ಲ.

ಅವನು ಹೊಸ ಛತ್ರಿಯನ್ನು ಬಿಡಿಸಿ ಮೊನೆಗೆ ಚುಚ್ಚುತ್ತಿರುವಾಗ ಅಕ್ಕ ಬಂದಳು. ನೆಲದ ಮೇಲೆ ಬಿದ್ದಿದ್ದನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ನಮ್ಮ ಗೋಡೆಯ ಕಡೆ ನೋಡಿದಳು, ನನ್ನನ್ನು. ಹತ್ತಿರ ಹೋಗಿ ಅವನ ಬಲಗೈಯನ್ನು ಮಣಿಕಟ್ಟಿನಲ್ಲಿ ಎರಡೂ ಕೈಯಿಂದ ಹಿಡಿದಳು. ಎತ್ತಿದಳು. ಚುಚ್ಚಿದಳು. ಮೊನೆ ಅಂಗೈಯೊಳಗೆ ಹೊಕ್ಕು ಹಿಂದಿನಿಂದ ಹೊರಬಂತು. ಅವಳ ಕಣ್ಣು ಅವನ ಕೈಯ ಮೇಲಿತ್ತು, ಮೊನೆಯ ಮೇಲಿರಲಿಲ್ಲ.

ಮೂರನೆಯದನ್ನು ಅವಳು ಮಾಡಲಿಲ್ಲ. ಕೈ ಬಿಟ್ಟು ಹಿಂದಕ್ಕೆ ಸರಿದಳು. ಅವನ ಕೂಗಿಗೆ ಬೀದಿಯ ಜನವೆಲ್ಲ ಸೇರಿ, ಇಬ್ಬರು ಹಿಡಿದುಕೊಂಡು ಕೈಯನ್ನು ಮೇಲಕ್ಕೆ ಬಿಡಿಸಿದರು. ರಕ್ತ ಹಾರೆಯ ಬುಡದ ಮಟ್ಟೆಗಳಿಗೆಲ್ಲ ಹಿಡಿಯಿತು. ಅಷ್ಟರಲ್ಲಿ ಅಕ್ಕ ಕುಕ್ಕುರುಗಾಲಲ್ಲಿ ಕುಳಿತು ಚೆಲ್ಲಿದ್ದ ಚಕ್ಕುಲಿಗಳನ್ನು ಮಣ್ಣು ಕೊಡವಿ ಡಬ್ಬಕ್ಕೆ ತುಂಬುತ್ತಿದ್ದಳು. ಪೊಲೀಸರು ಬಂದಾಗಲೂ ತುಂಬುತ್ತಲೇ ಇದ್ದಳು.

ಮರುದಿನ ಶನಿವಾರ. ಅರಕಲಗೂಡಿನ ತಂಗಿಗೆ ಸುದ್ದಿ ಮುಟ್ಟಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಾಪ, ಅವಳು ಹಾಸನದ ಸ್ಟೇಷನ್ನಿಗೆ ಬಂದು ಬುತ್ತಿ ಹಿಡಿದುಕೊಂಡು ಸಂಜೆಯವರೆಗೆ ಕಾದು, ಬಂದ ಗಾಡಿಗಳನ್ನೆಲ್ಲ ನೋಡಿ ವಾಪಸು ಹೋದಳಂತೆ.

ಕೋರ್ಟಿನಲ್ಲಿ ಅಕ್ಕ ಹೇಳಿದ್ದನ್ನು ಯಜಮಾನರು ಬಂದು ಹೇಳಿದರು. ಯಾಕಮ್ಮ ಹೀಗೆ ಮಾಡಿದೆ ಎಂದು ಕೇಳಿದ್ದಕ್ಕೆ, "ತಿರುಚ್ಲಿಲ್ಲ ಸಾ. ಕಾಯಿ ಆಗಿದ್ರೆ ತಿರುಚ್ತಿದ್ದೆ" ಎಂದಳಂತೆ. ಕೆಲವರು ನಕ್ಕರಂತೆ. ಎರಡು ವರ್ಷ ಶಿಕ್ಷೆಯಾಯಿತು. ಟ್ರಂಕಿನ ವಿಷಯಕ್ಕೆ ಸಾಕ್ಷಿ ಹೇಳಲು ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ... ಗೊತ್ತಿಲ್ಲ. ದೂರದ ಜೈಲಿಗೆ ಅವಳನ್ನು ರೈಲಿನಲ್ಲೇ ಕರೆದುಕೊಂಡು ಹೋದರು, ಹಾಸನದಿಂದ ಅರಸೀಕೆರೆಯ ಮೇಲೆ. ಹುರಿಯ ಮೊದಲ ಎರಡು ಗಂಟು ಪೊಲೀಸರ ಜೊತೆ ಮುಗಿದವು.

ಮೈದುನನ ಕೈ ಮತ್ತೆ ನೆಟ್ಟಗಾಗಲಿಲ್ಲ, ಬೆರಳುಗಳು ಒಳಕ್ಕೆ ಮಡಚಿಕೊಂಡವು. ಬೀದಿಯಲ್ಲಿ ನನ್ನನ್ನು ಕಂಡರೆ ಮಾತ್ರ ನಿಂತು, ಚೆನ್ನಾಗಿದ್ದೀಯ ಕಣವ್ವ ಎಂದು ವಿಚಾರಿಸುತ್ತಿದ್ದ. ತನ್ನ ಕಡೆಯವಳೆಂದು ತಿಳಿದಿದ್ದ. ನಮ್ಮತ್ತೆಯ ಸೌಟಿನ ಏಟನ್ನಾದರೂ ತಡೆದುಕೊಂಡೆ, ಆ ವಿಚಾರಿಸುವುದನ್ನು ತಡೆದುಕೊಳ್ಳಲಾಗುತ್ತಿರಲಿಲ್ಲ. ಯಜಮಾನರಿಗೆ ಹಾಸನದಲ್ಲಿ ಕೆಲಸ ಸಿಕ್ಕಾಗ ಗಂಟುಮೂಟೆ ಕಟ್ಟಿಕೊಂಡು ಬಂದುಬಿಟ್ಟೆವು. ಬೀಗದ ಕೈಯನ್ನು ಸಾಸಿವೆ ಡಬ್ಬಿಯಲ್ಲಿ ಹಾಕಿ ತಂದೆ.

ಅದಾಗಿ ಒಂದು ವರ್ಷಕ್ಕೆ, ಮೈಸೂರಿನಿಂದ ರೈಲಿನಲ್ಲಿ ವಾಪಸು ಬರುತ್ತಿದ್ದೆ. ಹೊಳೆನರಸೀಪುರದಲ್ಲಿ ಗಾಡಿ ನಿಂತಾಗ ಇಬ್ಬರು ಹೆಂಗಸರು ಹತ್ತಿದರು. ಮುಂದಿನವಳು ಅಕ್ಕ. ತಲೆ ಬೆಳ್ಳಗಾಗಿತ್ತು, ತೋಳು ಇಳಿದಿತ್ತು. ಟ್ರಂಕಿರಲಿಲ್ಲ, ಬಟ್ಟೆಯ ಚೀಲವೊಂದಿತ್ತು. ನನ್ನ ಎದುರಿನ ಸೀಟಿನಲ್ಲೇ ಕುಳಿತಳು. ತಂಗಿ ನನ್ನ ಗುರುತು ಹಿಡಿಯಲಾರದೆ, ಗೋವಾಕ್ಕೆ ಹೊರಟಿದ್ದೇವೆ, ಹಾಸನದ ಸ್ಟೇಷನ್ನಿನಲ್ಲಿ ಹತ್ತುವುದಿಲ್ಲ ಎಂದು ಇವಳು ಹಟ ಹಿಡಿದದ್ದಕ್ಕೆ ಇಲ್ಲಿಗೆ ಬಂದೆವು ಎಂದು ಹೇಳತೊಡಗಿದಳು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಅವ್ನು ಬೀಗದ ಕೈ ಕೇಳಿದ್ನಾ?" ಎಂದಳು.

"ಇಲ್ಲ ಅಕ್ಕ."

"ಕೇಳ್ಲಿಲ್ಲ ಅಂತ ಆಗ್ಲೇ ಗೊತ್ತಾಯ್ತಾ ನಿಂಗೆ?"

ಸುಳ್ಳು ಹೇಳಬಹುದಿತ್ತು. ಗೋಕರ್ಣ ಎಂದು ಬರೆಯುವಷ್ಟೇ ಸುಲಭ.

"ಗೊತ್ತಾಯ್ತು" ಎಂದೆ.

ಅಕ್ಕ ಮುಂದಕ್ಕೆ ಬಾಗಿ ನನ್ನ ಕೆನ್ನೆಗೆ ಹೊಡೆದಳು. ಒಂದೇ ಏಟು. ಕಿವಿಯೊಳಗೆ ಗುಂಯ್ ಎಂದಿತು, ಹಲ್ಲು ತಾಗಿ ನಾಲಿಗೆಯಲ್ಲಿ ರಕ್ತ ಬಂತು. ಬೋಗಿಯ ಜನ ಎದ್ದು ನಿಂತರು. ಅಕ್ಕ ಏನೂ ಆಗದವಳಂತೆ ಚೀಲದಿಂದ ಡಬ್ಬ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಂದೆ ಹಿಡಿದಳು. ಚಕ್ಕುಲಿ. ಉರಿಯುವ ಬಾಯಲ್ಲೇ ತಿಂದೆ. ನನಗೆ ಜೀವಮಾನದಲ್ಲಿ ಬಿದ್ದ ಏಟುಗಳಲ್ಲಿ ನ್ಯಾಯವಾಗಿ ಬಿದ್ದದ್ದು ಅದೊಂದೇ.

ಹಾಸನ ಬಂದಾಗ ನಾನು ಇಳಿದೆ. ಅಕ್ಕ ಇಳಿಯಲಿಲ್ಲ, ಸ್ಟೇಷನ್ನಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಗಾಡಿ ಹೊರಡುವ ಮುಂಚೆ ಕಿಟಕಿಯಿಂದ ಕೇಳಿದಳು. "ಬೀಗದ ಕೈ ಐತಾ?"

"ಮನೇಲದೆ ಅಕ್ಕ."

"ಇರ್ಲಿ. ಬಂದ್ಮೇಲೆ ಈಸ್ಕೊತೀನಿ."

ಅವರು ಹೋಗಿ ಬಂದರು. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಹಾಸನದ ಹತ್ತಿರದ ಮೊಸಳೆ ಎಂಬ ಊರಿನಲ್ಲಿ ಒಂದು ಮದುವೆಗೆ ಹೋದಾಗ. ಅಕ್ಕನ ತಂಗಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕುಳಿತಳು. ಜಲಪಾತ ಅಕ್ಕನ ಕಡೆಯ ಕಿಟಕಿಗೇ ಬಂತಂತೆ. ಕಂಡವರು ಕೂಗಬೇಕೆಂದು ಮಾತಾಗಿದ್ದರೂ ಅಕ್ಕ ಕೂಗಲಿಲ್ಲವಂತೆ, ಬಾಯಿ ತೆರೆದುಕೊಂಡು ಕೂತಿದ್ದಳಂತೆ, ಮುಖವೆಲ್ಲ ಒದ್ದೆಯಂತೆ. ಪಣಜಿಯಲ್ಲಿ ಸಮುದ್ರದ ದಂಡೆಯ ಮರದ ಎಳನೀರು ಕುಡಿದು, "ನಮ್ದೇ ಸೀ ಕಣೆ" ಎಂದು ಹೇಳಿ, ಮತ್ತೆರಡು ಕುಡಿದಳಂತೆ. ಇಷ್ಟು ಹೇಳಿ ತಂಗಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬಡಿಸುವವರಿಗೆ ಸಾಕೆಂದಳು. ಅಕ್ಕ ತೀರಿಕೊಂಡು ಆಗಲೇ ಆರು ತಿಂಗಳಾಗಿತ್ತು.

ವಾಪಸು ಬಂದವಳು ಅರಕಲಗೂಡಿನಲ್ಲಿ ತಂಗಿಯ ಮನೆಯಲ್ಲೇ ಹದಿನೇಳು ವರ್ಷ ಇದ್ದಳು. ಬೀಗದ ಕೈ ಈಸಿಕೊಳ್ಳಲು ಬರಲಿಲ್ಲ. ಮರೆತಿದ್ದಳೋ, ಬೇಡವೆನಿಸಿತೋ, ನಾನೇ ತಂದುಕೊಡಲಿ ಎಂದು ಕಾದಳೋ... ಅವಳು ಮರೆಯುವ ಜಾತಿಯಲ್ಲ. ಒದ್ದೆ ಹುರಿಯನ್ನು ಅಂದೇ ಕಿಟಕಿಯ ಸರಳಿಗೆ ಒಣಹಾಕಿದೆ, ಇನ್ನೂ ಅಲ್ಲೇ ಇದೆ. ಬೆರಳಲ್ಲಿ ಮುಟ್ಟಿದರೆ ನನಗೂ ಊರುಗಳ ಹೆಸರು ಒಂದೂ ತಪ್ಪದೆ ಬರುತ್ತದೆ. ಅವಳು ಅಷ್ಟು ದೂರ ಹೋಗಿ ಬಂದಳು. ಹಾಸನದಿಂದ ಅರಕಲಗೂಡಿಗೆ ಒಂದು ಗಂಟೆಯ ಬಸ್ಸು. ಹದಿನೇಳು ವರ್ಷ ನಾನು ಆ ಬಸ್ಸು ಹತ್ತಲಿಲ್ಲ.